ನಮ್ಮವರ ಮೂಗು

ಮಲಾಡಿನಲ್ಲಿರುವ ಮಗಳು ವಾರಕ್ಕೊಮ್ಮೆ ಫೋನ್ ಮಾಡಿ, ಹೇಗೆ ಬದುಕಬೇಕೆಂದು ನನಗೆ ಹೇಳಿಕೊಡುತ್ತಾಳೆ. "ಈ ಏಜಲ್ಲಿ ಸಣ್ಣ ಸಣ್ಣದ್ರಲ್ಲಿ ಖುಷಿ ಹುಡುಕ್ಬೇಕಮ್ಮ. ಬಾಲ್ಕನಿಗೆ ಹಕ್ಕಿ ಬರ್ತದಲ್ಲ, ಅದನ್ನ ನೋಡು. ರೋಜ್ ಏನಾದ್ರೂ ಒಂದು ಹೊಸತು ಕಂಡುಹಿಡಿ." ನಮ್ಮ ಚೆಂಬೂರಿನ ಬಾಲ್ಕನಿಗೆ ಬರುವುದು ಪಾರಿವಾಳ. ತುಳಸಿಯ ಕುಂಡದಲ್ಲಿ ಹೇತು ಹೋಗುತ್ತದೆ. ಅದನ್ನು ನೋಡಿ ಖುಷಿಪಡುವಷ್ಟು ಬುದ್ಧಿ ನನಗಿನ್ನೂ ಕೆಟ್ಟಿಲ್ಲ. ಆದರೆ ಮಗಳ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ ಎಂದು ಯಾರೂ ಹೇಳಬಾರದು. ಅರವತ್ತಾರನೆಯ ವಯಸ್ಸಿನಲ್ಲಿ ನಾನೂ ದಿನಕ್ಕೊಂದು ಹೊಸತನ್ನು ಕಂಡುಹಿಡಿಯತೊಡಗಿದೆ. ಮದುವೆಯಾದಾಗಿನಿಂದ ಅಷ್ಟು ಖುಷಿಯಾಗಿ ಎಂದೂ ಇದ್ದಿರಲಿಲ್ಲ. ನಾನು ಕಂಡುಹಿಡಿದದ್ದೆಲ್ಲ ನನ್ನ ಗಂಡನ ಬಗ್ಗೆ.

ನಮ್ಮವರು ಅಡುಗೆಯವರು. ಉಡುಪಿಯ ಕಡೆಯಿಂದ ಹದಿನೆಂಟು ತುಂಬುವ ಮೊದಲೇ ಮುಂಬಯಿಗೆ ಬಂದು, ಇಲ್ಲೇ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ಒಲೆಯ ಮುಂದೆ ನಿಂತವರು, ಹೋಟೆಲು ಮುಚ್ಚುವವರೆಗೂ ಅಲ್ಲಿಂದ ಕದಲಲಿಲ್ಲ. ಊರಿನವರಿಗೆಲ್ಲ ಅವರು ಭಟ್ರು. ಅವರ ಅಡುಗೆಮನೆಗೆ ಒಂದು ಕಟ್ಟುನಿಟ್ಟು ಇತ್ತು. ಯಾರೂ ರುಚಿ ನೋಡಬಾರದು. ದೇವರ ಪಟದ ಮುಂದೆ ಒಂದು ಬಟ್ಟಲು ಇಡುವ ಮೊದಲು ನಾಲಿಗೆಗೆ ತಾಗಿತೋ, ಇಡೀ ಪಾತ್ರೆ ಎಂಜಲು. ಹಾಗಾದರೆ ಉಪ್ಪು, ಹುಳಿ, ಖಾರ ತಿಳಿಯುವುದು ಹೇಗೆ? ಮೂಗಿನಿಂದ. ಕುದಿಯುವ ಹುಳಿಯ ಮೇಲೆ ಬಗ್ಗಿ, ಆವಿಯನ್ನು ಅಂಗೈಯಿಂದ ಮುಖದ ಕಡೆಗೆ ಎಳೆದುಕೊಂಡು, ಕಣ್ಣು ಮುಚ್ಚಿ, "ಅರ್ಧ ಮುಷ್ಟಿ ಉಪ್ಪು" ಎನ್ನುತ್ತಿದ್ದರು. ಉಪ್ಪಿಗೆ ವಾಸನೆ ಇದೆಯೇ ಎಂದು ನನ್ನನ್ನು ಕೇಳಬೇಡಿ. ಅವರ ಲೆಕ್ಕ ತಪ್ಪಿದ್ದನ್ನು ನಾನಂತೂ ಕಂಡಿಲ್ಲ. ಅವರ ಕೈಕೆಳಗಿನವರು ಬಾಯಿ ಬಿಡುವಂತಿರಲಿಲ್ಲ. ಸೀದು ಹೋಗುತ್ತಿದ್ದರೂ ಅವರೇ ಹೇಳಬೇಕು. ಅಡುಗೆಮನೆಯಲ್ಲಿ ಮೂಗು ಒಂದೇ ಇರಬೇಕು, ಅದು ಅವರದು.

ಆ ಮೂಗನ್ನು ಹೋಟೆಲಿನಲ್ಲೇ ಬಿಟ್ಟು ಬಂದಿದ್ದರೆ ನನಗೇನೂ ತಕರಾರಿರಲಿಲ್ಲ. ದಿನಾ ಮನೆಗೂ ತಂದರು. ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಒಂದು ಸಲ ಉಸಿರೆಳೆದುಕೊಂಡು ತೀರ್ಪು ಕೊಡುವುದು. "ಮೆಂತೆ ಕಪ್ಪಾಗಿದೆ." "ಕೊತ್ತಂಬರಿ ಹಸಿ ಉಂಟು." "ನಿನ್ನೆಯ ಕಾಯಿ ಹಾಕಿದ್ದಿಯಾ?" ನಾನು ಬಿ.ಎ. ಮುಗಿಸಿ, ಇಲ್ಲಿಯ ಒಂದು ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು. ಶಾಲೆಯಲ್ಲಿ ನನ್ನ ದನಿ ಕೇಳಿದರೆ ಮಕ್ಕಳು ಬೆಂಚಿನ ಮೇಲೆ ನೆಟ್ಟಗಾಗುತ್ತಿದ್ದರು. ಮನೆಗೆ ಬಂದು ಸೌಟು ಹಿಡಿದರೆ ಬಾಗಿಲಿನ ಕಡೆ ನೋಡಿ ನೋಡಿ ಉಪ್ಪು ಹಾಕುತ್ತಿದ್ದೆ.

ಒಂದು ದಿನವನ್ನು ಮಾತ್ರ ನಾನು ಮರೆತಿಲ್ಲ, ಮರೆಯುವ ಮನಸ್ಸೂ ಇಲ್ಲ. ನನ್ನ ಅಮ್ಮ ಜೀವಮಾನದಲ್ಲಿ ಒಂದೇ ಸಲ ಮುಂಬಯಿಗೆ ಬಂದಿದ್ದಳು. ಕಾಲು ನೋವಿನ ಹೆಂಗಸು, ಬಸ್ಸಿನಲ್ಲಿ ಕೂತು ಕೂತು ಬಾತುಕೊಂಡ ಪಾದ. ಅವಳಿಗೆಂದು ನಾನು ಬೆಳಿಗ್ಗೆಯೇ ಎದ್ದು ಸೌತೆಕಾಯಿ ಹುಳಿ ಮಾಡಿದ್ದೆ, ಅವಳೇ ಕಲಿಸಿದ ಹಾಗೆ. ನಮ್ಮವರು ಬಾಗಿಲಿಗೆ ಬಂದರು, ಉಸಿರೆಳೆದರು, ಒಳಗೆ ಬಂದು ಪಾತ್ರೆಯನ್ನು ಎತ್ತಿ ಮೋರಿಗೆ ಸುರಿದರು. "ಇಂಗು ಹೆಚ್ಚಾಗಿದೆ, ಅತ್ತೆಗೆ ಇಂಥದ್ದು ಬಡಿಸ್ಲಿಕ್ಕಾಗ್ತದಾ?" ಅಂದರು, ನಗುತ್ತಲೇ. ಅರ್ಧ ಗಂಟೆಯಲ್ಲಿ ತಾವೇ ಬೇರೆ ಹುಳಿ ಮಾಡಿದರು. ಅಮ್ಮ ಎರಡು ಸಲ ಹಾಕಿಸಿಕೊಂಡು ಉಂಡು, "ನಿನ್ನ ಪುಣ್ಯ ಮಗಾ" ಅಂದಳು. ಮರುವರ್ಷ ಅವಳು ತೀರಿಕೊಂಡಳು. ನನ್ನ ಸಂಸಾರದಲ್ಲಿ ನಾನು ಮಾಡಿದ ಹುಳಿಯನ್ನು ನನ್ನ ಅಮ್ಮ ಉಣ್ಣಲೇ ಇಲ್ಲ. ಅವರು ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಇದನ್ನು ಮರೆಯಲಿಲ್ಲ.

ಹೋಟೆಲು ಮುಚ್ಚಿದ ಮೇಲೆ ಅವರು ಮನೆಯಲ್ಲೇ ಉಳಿದರು. ತೀರ್ಪು ದಿನಕ್ಕೆ ಎರಡಾಯಿತು. ಹೋದ ವರ್ಷ ಅವರಿಗೊಂದು ಕೆಟ್ಟ ಜ್ವರ ಬಂತು, ಹದಿನೈದು ದಿನ ಮಲಗಿದರು, ಎದ್ದರು. ಅದಾಗಿ ತಿಂಗಳೊಪ್ಪತ್ತಿನಲ್ಲಿ ನನ್ನ ಮೊದಲ ಶೋಧನೆ ನಡೆಯಿತು.

ಹಾಲು ಒಲೆಯ ಮೇಲಿಟ್ಟು, "ನೋಡಿಕೊಳ್ಳಿ" ಎಂದು ಹೇಳಿ ನಾನು ಸ್ಟೇಷನ್ ರೋಡಿಗೆ ಸೊಪ್ಪು ತರಲು ಹೋಗಿದ್ದೆ. ಹಿಂದೆ ಬರುವಾಗ ಬಿಲ್ಡಿಂಗಿನ ಗೇಟಿನಲ್ಲೇ ಸೀದ ವಾಸನೆ. ಮೊದಲ ಮಹಡಿಯ ಮರಾಠಿ ಹೆಂಗಸು ಬಾಗಿಲು ತೆರೆದು, "ಕಾಯ್ ಜಳ್ತಂಯ್?", ಏನು ಸುಡುತ್ತಿದೆ ಎಂದು ಕೇಳುತ್ತ ಮೂಗು ಮುಚ್ಚಿಕೊಂಡು ನಿಂತಿದ್ದರು. ಓಡಿ ಮೇಲೆ ಹೋದೆ. ನಮ್ಮವರು ಅಡುಗೆಮನೆಯ ಸ್ಟೂಲಿನ ಮೇಲೆ, ಒಲೆಯಿಂದ ಒಂದು ಮಾರು ದೂರದಲ್ಲಿ, ಒಲೆಗೆ ಬೆನ್ನು ಹಾಕಿ ಕೂತು ಪೇಪರ್ ಓದುತ್ತಿದ್ದರು. ಹಾಲು ಇದ್ದಿಲಾಗಿತ್ತು. ಹೊಗೆ ಅವರ ತಲೆಯ ಮೇಲೇ ಹಾದು ಕಿಟಕಿಗೆ ಹೋಗುತ್ತಿತ್ತು.

ನಾನು ಗ್ಯಾಸ್ ಆರಿಸಿದೆ. ಅವರು ತಿರುಗಿ ನೋಡಿದರು. ಪಾತ್ರೆ ನೋಡಿದರು, ನನ್ನ ಮುಖ ನೋಡಿದರು. "ನಿದ್ದೆ ಬಂತು ಕಾಣ್ತದೆ" ಅಂದರು.

ನಿದ್ದೆ ಬಂದವರ ಕೈಯಲ್ಲಿ ಪೇಪರ್ ನೆಟ್ಟಗೆ ನಿಲ್ಲುವುದಿಲ್ಲ. ಪಾತ್ರೆಯನ್ನು ನೆನೆಸಿಟ್ಟು, ಬಾಲ್ಕನಿಗೆ ಹೋಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕೆ. ಹೆಂಡತಿಯಾದವಳಿಗೆ ಮೊದಲು ಹೆದರಿಕೆ ಆಗಬೇಕಿತ್ತು, ಡಾಕ್ಟರ ನೆನಪಾಗಬೇಕಿತ್ತು. ನನಗೆ ಆದದ್ದು ಸಂತೋಷ, ಶುದ್ಧವಾದ ಸಂತೋಷ. ಮಗಳು ಹೇಳುವುದು ಇದನ್ನೇ ಇರಬೇಕು ಅಂದುಕೊಂಡೆ.

ಮರುದಿನದಿಂದ ನನ್ನ ಪ್ರಯೋಗ ಶುರುವಾಯಿತು. ಗಣಿತದವಳು ನಾನು, ಒಂದೇ ಉದಾಹರಣೆಯಿಂದ ತೀರ್ಮಾನಕ್ಕೆ ಬರುವವಳಲ್ಲ. ಸಾರಿಗೆ ಇಂಗೇ ಹಾಕಲಿಲ್ಲ. ಅವರು ಬಾಗಿಲಿಗೆ ಬಂದು ಎಂದಿನಂತೆ ಉಸಿರೆಳೆದು, ಎಂದಿನಂತೆ ಕಣ್ಣು ಮುಚ್ಚಿ, "ಇಂಗು ಸ್ವಲ್ಪ ಕಮ್ಮಿ ಮಾಡು ಮಾರಾಯ್ತಿ" ಅಂದರು. ಇಂಗಿನ ಡಬ್ಬಿಯ ಮುಚ್ಚಳವನ್ನು ನಾನು ಆ ದಿನ ತೆರೆದೇ ಇರಲಿಲ್ಲ. "ಆಯ್ತು" ಅಂದೆ. ಆ "ಆಯ್ತು" ಹೇಳುವಾಗ ನಾಲಿಗೆಯ ಮೇಲೆ ಬೆಲ್ಲ ಕರಗಿದ ಹಾಗಾಯಿತು.

ಇನ್ನೊಂದು ದಿನ ಉಪ್ಪು ಹಾಕದೆ ಬಡಿಸಿದೆ. ತಟ್ಟನೆ, "ಉಪ್ಪಿಲ್ಲ" ಅಂದರು. ಹಾಗಾದರೆ ನಾಲಿಗೆ ಇದೆ, ಮೂಗು ಮಾತ್ರ ಹೋಗಿದೆ. ಇದನ್ನು ಕಂಡುಕೊಂಡಾಗ ಮಕ್ಕಳ ನೋಟುಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿದಷ್ಟು ತೃಪ್ತಿ. ಮೂರು ದಿನದ ಮಜ್ಜಿಗೆ ಕೊಟ್ಟೆ, ಹುಳಿ ಎಂದರು, ಹಳತು ಎನ್ನಲಿಲ್ಲ. ಹೊಗೆ ಹಿಡಿದ ಪಲ್ಯ ಕೊಟ್ಟೆ, ಉಂಡರು. ಕಾಫಿಯ ಬದಲು ಬರೇ ಚಿಕೋರಿ ಕುದಿಸಿ, ಹಾಲು ಸಕ್ಕರೆ ಬೆರೆಸಿ ಕೊಟ್ಟೆ. ಲೋಟವನ್ನು ಮೂಗಿನ ಹತ್ತಿರ ಹಿಡಿದು, "ಇವತ್ತಿನ ಪುಡಿ ಒಳ್ಳೇದುಂಟು" ಅಂದರು ಅವರು. ಆ ದಿನ ಮಧ್ಯಾಹ್ನ ಮಲಗಿದವಳು ಅದನ್ನು ನೆನೆದು ಮತ್ತೆ ಎದ್ದು ಕೂತೆ.

ಅವರು ಬಹಳ ಜಾಣತನದಿಂದ ಮುಚ್ಚಿಟ್ಟಿದ್ದರು, ಅದನ್ನೂ ಒಪ್ಪಬೇಕು. ಬಾಗಿಲಿಗೆ ಬರುವ ಮೊದಲು, "ಇವತ್ತೆಂತ ಮಾಡಿದ್ದಿ?" ಎಂದು ದೂರದಿಂದಲೇ ಕೇಳುತ್ತಿದ್ದರು. ಹಿಂದೆ ಎಂದೂ ಕೇಳಿದವರಲ್ಲ, ಮೆಟ್ಟಿಲ ಮೇಲಿಂದಲೇ ಗೊತ್ತಾಗುತ್ತಿತ್ತು. ಒಗ್ಗರಣೆಯ ಸದ್ದಿಗೆ ಕಿವಿ ಕೊಡುತ್ತಿದ್ದರು. ನೊರೆಯ ಬಣ್ಣ ನೋಡುತ್ತಿದ್ದರು. ಮನೆಗೆ ಯಾರಾದರೂ ಬಂದರೆ ಅವರ ಮುಖವನ್ನೇ ನೋಡುತ್ತಿದ್ದರು. ಇವೆಲ್ಲ ನನಗೆ ಒಂದೊಂದಾಗಿ ಸಿಕ್ಕಿದವು. ಪ್ರತಿಯೊಂದು ಸಿಕ್ಕಿದಾಗಲೂ ಆ ಇಡೀ ದಿನ ನನ್ನ ಮೊಣಕಾಲು ನೋಯುತ್ತಿರಲಿಲ್ಲ.

ಒಂದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವರು ದಿನಕ್ಕೆ ಎರಡು ಸಲ, ಸೆಖೆಯಲ್ಲಿ ಮೂರು ಸಲ ಸ್ನಾನ ಮಾಡತೊಡಗಿದ್ದರು. ಬನಿಯನ್ ಬದಲಿಸಿ ಬದಲಿಸಿ ಹಾಕುತ್ತಿದ್ದರು. ಯಾಕೆಂದು ತಿಳಿಯಲು ನನಗೆ ವಾರ ಬೇಕಾಯಿತು. ತಮ್ಮ ಮೈಯ ಬೆವರಿನ ವಾಸನೆ ತಮಗೆ ಗೊತ್ತಾಗುವುದಿಲ್ಲ ಎಂಬ ಹೆದರಿಕೆ. ಪಕ್ಕಾ ಮಾಡಿಕೊಳ್ಳಬೇಕಿತ್ತು. ಒಂದು ಸಂಜೆ ಟಿವಿಯ ಮುಂದೆ ಅವರು ನನ್ನ ಪಕ್ಕ ಕೂತ ಕೂಡಲೇ ನಾನು ಏನೂ ಹೇಳದೆ ಸೆರಗಿನ ತುದಿಯನ್ನು ಮೂಗಿಗೆ ಹಿಡಿದೆ. ಅವರ ಮೈಯಿಂದ ಬರುತ್ತಿದ್ದದ್ದು ಬರೇ ಸೋಪಿನ ವಾಸನೆ. ಅವರು ಎರಡು ನಿಮಿಷ ಕೂತರು. ಎದ್ದರು. ಬಚ್ಚಲಿನಲ್ಲಿ ನೀರು ಬಿದ್ದ ಸದ್ದು ಕೇಳಿತು. ನಾನು ಸೆರಗು ಇಳಿಸಿ ಸೀರಿಯಲ್ ನೋಡಿದೆ.

ನೀವು ಇದನ್ನು ಓದಿ ನನ್ನನ್ನು ಬೈಯಬಹುದು. ಬೈಯಿರಿ. ನಲವತ್ತು ವರ್ಷ ಒಬ್ಬರು ಬಾಗಿಲಲ್ಲಿ ನಿಂತು ನಿಮ್ಮನ್ನು ಮೂಸಿ ನೋಡಿ ಪಾಸು ಫೇಲು ಮಾಡಲಿ, ಆಮೇಲೆ ಮಾತಾಡೋಣ.

ಇಷ್ಟೆಲ್ಲ ಕಳೆದುಕೊಂಡರೂ ಅವರ ಹತ್ತಿರ ಒಂದು ಉಳಿದಿತ್ತು. ನಮ್ಮ ಕನ್ನಡದವರ ಸಂಘದ ವರ್ಷದ ಸತ್ಯನಾರಾಯಣ ಪೂಜೆಯ ಅಡುಗೆ. ಇನ್ನೂರು ಎಲೆ ಬೀಳುವ ಊಟ. ಹೋಟೆಲಿನಲ್ಲಿದ್ದಾಗಲೂ ಅವರದೇ, ಹೋಟೆಲು ಮುಚ್ಚಿದ ಮೇಲೂ ಅವರದೇ. ಪೂಜೆಗೆ ತಿಂಗಳಿರುವಾಗಲೇ ನಡಿಗೆ ಬದಲಾಗುತ್ತಿತ್ತು. ಹಳೆಯ ಪಂಚೆಗಳನ್ನು ತೆಗೆದು ಒಗೆಸಿ ಗಂಜಿ ಹಾಕಿಸುತ್ತಿದ್ದರು. ದಿನಸಿಯ ಚೀಟಿಯನ್ನು ನಾಲ್ಕು ಸಲ ಬರೆಯುತ್ತಿದ್ದರು. ಉಳಿದ ಹನ್ನೊಂದು ತಿಂಗಳು ಅವರು ಯಾರಿಗೂ ಬೇಡದ ಮುದುಕ. ಆ ಒಂದು ದಿನ ಮಾತ್ರ ಅವರು ಭಟ್ರು.

ಈ ವರ್ಷದ್ದು ಜ್ವರದ ನಂತರದ ಮೊದಲ ಪೂಜೆ, ಅದಕ್ಕೂ ಕುತ್ತು ಬಂತು. ಸಂಘದ ಹೊಸ ಸೆಕ್ರೆಟರಿ, ಬ್ಯಾಂಕಿನ ಕೆಲಸದವನು, ಮನೆಗೆ ಬಂದು ಮರ್ಯಾದೆಯಿಂದಲೇ ಹೇಳಿದ. "ಭಟ್ರೇ, ತಪ್ಪು ತಿಳ್ಕೊಳ್ಬೇಡಿ. ಕಮಿಟಿಯಲ್ಲಿ ಕೆಲವರು ಕೇಟರಿಂಗಿಗೆ ಕೊಡುವ ಅಂತಿದ್ದಾರೆ. ನಿಮಗೂ ವಯಸ್ಸಾಯ್ತು. ಈ ಸಲ ನೀವೇ ಮಾಡಿ, ನಾನು ಒಪ್ಪಿಸಿದ್ದೇನೆ. ಚಂದ ಆದ್ರೆ ಮುಂದೆಯೂ ನೀವೇ. ಕುಛ್ ಗಡ್‌ಬಡ್ ಆಯ್ತು ಅಂದ್ರೆ ಮಾತ್ರ ನನ್ನ ಕೈಯಲ್ಲಿ ಇಲ್ಲ."

"ನನ್ನ ಅಡುಗೆಯಲ್ಲಿ ಎಂದಾದ್ರೂ ಗಡ್‌ಬಡ್ ಆದದ್ದುಂಟಾ?" ಎಂದು ನಮ್ಮವರು ನಕ್ಕರು. ಅವನು ಹೋದ ಮೇಲೆ ಬಹಳ ಹೊತ್ತು ಕುರ್ಚಿಯಲ್ಲೇ ಕೂತಿದ್ದರು. ಅವರ ಮೂಗಿನ ವಿಷಯ ಇಡೀ ಮುಂಬಯಿಯಲ್ಲಿ ಗೊತ್ತಿದ್ದದ್ದು ಇಬ್ಬರಿಗೆ. ಅವರಿಗೆ ಮತ್ತು ನನಗೆ. ನನಗೆ ಗೊತ್ತಿದೆ ಎಂಬುದು ನನಗೊಬ್ಬಳಿಗೇ ಗೊತ್ತು ಎಂದು ನಾನು ತಿಳಿದಿದ್ದೆ.

ಪೂಜೆಯ ಹಿಂದಿನ ದಿನ ಅವರು ಊಟದ ತಟ್ಟೆಯ ಮೇಲೆ ಬಗ್ಗಿಕೊಂಡೇ ಹೇಳಿದರು. "ನಾಳೆ ಕಾಯಿ ಹೆರಿಲಿಕ್ಕೆ ನೀನು ಬಾ."

ಇಷ್ಟು ವರ್ಷಗಳಲ್ಲಿ ಅವರ ಒಲೆಯ ಸುತ್ತ ನನಗೆ ಪ್ರವೇಶ ಇರಲಿಲ್ಲ. ಬೇರೆ ಹೆಂಗಸರು ಬಂದು ಕಾಯಿ ತುರಿದು, ತರಕಾರಿ ಹೆಚ್ಚಿ ಹೋಗುತ್ತಿದ್ದರು. ನಾನು ರೇಷ್ಮೆ ಸೀರೆ ಉಟ್ಟು ಊಟದ ಹೊತ್ತಿಗೆ ಹೋಗುವವಳು. "ಯಾಕೆ, ಬೇರೆ ಯಾರೂ ಸಿಗ್ಲಿಲ್ವಾ?" ಎಂದು ಕೇಳಿದೆ.

"ಸಿಕ್ಕಿದ್ದಾರೆ. ನೀನೂ ಬಾ" ಅಂದರು.

ಇಳಿವಯಸ್ಸಿನಲ್ಲಿ ಬಿಟ್ಟಿ ಕೆಲಸಕ್ಕೆ ಹೆಂಡತಿಯ ನೆನಪಾಯಿತು ಎಂದುಕೊಂಡೆ. ಆದರೂ ಹೋದೆ. ಅವರು ಆ ಮೂಗಿಲ್ಲದ ಮುಖ ಹೊತ್ತುಕೊಂಡು ಇನ್ನೂರು ಜನರ ಅಡುಗೆ ಮಾಡುವುದನ್ನು ಹತ್ತಿರದಿಂದ ನೋಡುವ ಅವಕಾಶ ಯಾರು ಬಿಡುತ್ತಾರೆ?

ಸಂಘದ ಸಭಾಗೃಹದ ಹಿಂದೆ ತಗಡಿನ ಶೀಟು ಹಾಕಿದ ಜಾಗದಲ್ಲಿ ಒಲೆಗಳು. ಬೆಳಿಗ್ಗೆ ಆರಕ್ಕೇ ಬೆವರು. ಆ ಹೊತ್ತಿಗೆ ಗಾಳಿ ರಿಫೈನರಿಯ ಕಡೆಯಿಂದ ಬೀಸುತ್ತಿತ್ತು, ಚೆಂಬೂರಿನವರಿಗೆ ಅದು ರೂಢಿಯಾದ ವಾಸನೆ. ನಾವು ನಾಲ್ಕು ಹೆಂಗಸರು ಹೆರೆಮಣೆಗಳ ಮೇಲೆ ಸಾಲಾಗಿ ಕೂತೆವು. ನಮ್ಮವರು ನನ್ನನ್ನು ಕೊನೆಗೆ, ತಮ್ಮ ಎದುರಿಗೇ ಕೂರಿಸಿದರು. ಅವರ ಪಕ್ಕದಲ್ಲಿ ಒಡೆದ ತೆಂಗಿನಕಾಯಿಯ ಬುಟ್ಟಿ.

ಕಾಯಿ ನೋಡುವುದು ಅವರ ದೊಡ್ಡ ಶಾಸ್ತ್ರ. ಒಡೆದ ಪ್ರತಿಯೊಂದು ಹೋಳನ್ನೂ ಮೂಗಿನ ಹತ್ತಿರ ಹಿಡಿದು ಮೂಸಿ, ಸರಿ ಇದ್ದರೆ ಹೆರೆಯಲು ಕೊಡುವುದು, ಇಲ್ಲದಿದ್ದರೆ ಹಿಂದಕ್ಕೆ ಎಸೆಯುವುದು. ರುಚಿ ನೋಡುವಂತಿಲ್ಲವಲ್ಲ, ಒಂದು ಕೆಟ್ಟ ಕಾಯಿ ಒಳಗೆ ಹೋದರೆ ನೈವೇದ್ಯ ಆಗಿ ಎಲೆಗೆ ಬೀಳುವವರೆಗೂ ಯಾರಿಗೂ ತಿಳಿಯುವುದಿಲ್ಲ. ಆ ದಿನವೂ ಅವರು ಹಾಗೆಯೇ ಮಾಡಿದರು. ಹೋಳು ಎತ್ತುವುದು, ಕಣ್ಣು ಅರೆಮುಚ್ಚುವುದು, ಉಸಿರೆಳೆಯುವುದು. ಹೋಳನ್ನು ನನ್ನ ಕೈಗೆ ಕೊಡುವುದು, ನಾನು ಪಕ್ಕದವರಿಗೆ ದಾಟಿಸುವುದು. ನೋಡಲು ನಾಟಕದ ಹಾಗಿತ್ತು. ನಾನು ಮುಖ ಗಂಟು ಹಾಕಿಕೊಂಡು, ನಗು ಬಾರದಂತೆ ಹಲ್ಲು ಕಚ್ಚಿ ಕೂತಿದ್ದೆ. ಇಪ್ಪತ್ತು, ಮೂವತ್ತು ಹೋಳು ಹಾಗೇ ದಾಟಿದವು. ಎಲ್ಲ ಒಳ್ಳೆಯವೇ. ನನಗೆ ಸ್ವಲ್ಪ ಬೇಸರವೂ ಆಗತೊಡಗಿತ್ತು.

ಆಮೇಲೆ ಅದು ಬಂತು. ನೋಡಲು ಬೆಳ್ಳಗೆ, ಒಂದು ಕಲೆ ಇಲ್ಲ. ಅವರು ಮೂಸಿ ನನ್ನ ಕೈಗೆ ಕೊಟ್ಟರು. ನನ್ನ ಎದೆಯ ಹತ್ತಿರ ಬರುವ ಮೊದಲೇ ವಾಸನೆ ಹೊಡೆಯಿತು. ಒಳಗೊಳಗೇ ಕೊಳೆತ ಕಾಯಿ. ಗಟಾರದ ಹಾಗಿನ ನಾತ.

ನಾನು ತಲೆ ಎತ್ತಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಎಂದಿನ ಗಾಂಭೀರ್ಯ, ತೀರ್ಪು ಕೊಡುವವರ ಗಾಂಭೀರ್ಯ. ಆಗ ನನಗೆ ನೆನಪಾದದ್ದು ಮೋರಿಯಲ್ಲಿ ಹರಿದು ಹೋದ ಸೌತೆಕಾಯಿಯ ಹೋಳುಗಳು, ಬಾತುಕೊಂಡ ಕಾಲು ನೀಡಿ ಗೋಡೆಗೊರಗಿ ಕೂತ ನನ್ನ ಅಮ್ಮ. ನನಗೆ ನಗು ಬಂತು. ಎಷ್ಟು ಹೊತ್ತಿನಿಂದ ತಡೆದಿಟ್ಟಿದ್ದೆನೋ, ತುಟಿಯ ತುದಿಯಿಂದ ಜಾರಿತು. ಆ ಹೋಳನ್ನು ನಾನು ಪಕ್ಕದವರಿಗೆ ಕೊಡಲಿಲ್ಲ. ನಾನೇ ಹೆರೆದೆ. ಇನ್ನೊಂದು ಹೋಳೂ ಬಂತು, ಅದನ್ನೂ ಹೆರೆದೆ. ತುರಿಯನ್ನು ರಾಶಿಯ ನಡುವೆ ಬೆರೆಸಿ, ಕೈ ತೊಳೆದುಕೊಂಡೆ. ಪಕ್ಕದವರು ಅದನ್ನು ರಿಫೈನರಿಯ ಗಾಳಿಯೆಂದೇ ತಿಳಿದಿರಬೇಕು. ಹೆದರಿಕೆಯಾಗಲಿಲ್ಲ. ಇಷ್ಟೊಂದು ಸಣ್ಣ ಕೆಲಸವೇ ಎಂದು ಆಶ್ಚರ್ಯವಾಯಿತು.

ಅದೆಲ್ಲ ಪಾಯಸಕ್ಕೆ ಹೋಯಿತು. ಕಡ್ಲೆಬೇಳೆ, ಬೆಲ್ಲ, ಕಾಯಿಹಾಲು. ಗಟ್ಟಿ ಹಾಲನ್ನು ಕೊನೆಯಲ್ಲಿ ಹೊಯ್ದು ಒಲೆಯಿಂದ ಇಳಿಸಿಬಿಡುತ್ತಾರೆ, ಕುದಿಸುವುದಿಲ್ಲ. ಹಾಲು ಹೊಯ್ಯುವಾಗ ಹಳೆಯ ಹೋಟೆಲಿನಿಂದ ಬಂದ ಸಹಾಯಕ ಒಂದು ಕ್ಷಣ ಕೈ ತಡೆದು ನಮ್ಮವರ ಕಡೆ ನೋಡಿದ. ನಮ್ಮವರು, "ಎಂತ ನೋಡ್ತಿ, ಹೊಯ್ಯಿ" ಅಂದರು. ಅವನು ಹೊಯ್ದ. ಭಟ್ರ ಅಡುಗೆಮನೆಯಲ್ಲಿ ಭಟ್ರಿಗಿಂತ ಮೊದಲು ಮೂಗೆತ್ತಿ ಬೈಸಿಕೊಂಡವರನ್ನು ಅವನು ಬಹಳ ಜನ ನೋಡಿದ್ದ. ನೈವೇದ್ಯಕ್ಕೆ ಬಟ್ಟಲು ಹೋಯಿತು. ಮಂತ್ರ ಹೇಳುತ್ತಿದ್ದ ಪುರೋಹಿತರು ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿದ್ದನ್ನು ನಾನು ನೋಡಿದೆ. ಮಂತ್ರ ನಿಲ್ಲಲಿಲ್ಲ.

ಮೊದಲ ಪಂಕ್ತಿ ಕೂತಿತು. ನಾನೂ ಹೆಂಗಸರ ಸಾಲಿನಲ್ಲಿ ಕೂತೆ. ಪಲ್ಯ, ಕೋಸಂಬರಿ, ಸಾರು, ಎಲ್ಲ ಚೆನ್ನಾಗಿತ್ತು, ಎರಡು ಮಾತಿಲ್ಲ. ಆಮೇಲೆ ಪಾಯಸ ಬಂತು. ನನ್ನ ಎದುರಿನ ಎಲೆಯಲ್ಲಿ ಒಂದು ಹುಡುಗಿ ಬೆರಳು ಅದ್ದಿ ಬಾಯಿಗಿಟ್ಟು, "ಛೀ, ಮಮ್ಮಾ, ಯೇ ಸಡಾ ಹುವಾ ಹೈ" ಅಂದಳು, ಕೊಳೆತಿದೆ ಎಂದು. ತಾಯಿ ಅವಳ ತೊಡೆ ಚಿವುಟಿದಳು, ಆಮೇಲೆ ತಾನೂ ರುಚಿ ನೋಡಿ ಎಲೆಯ ಪಕ್ಕಕ್ಕೆ ಉಗಿದಳು. ಸಾಲಿನಿಂದ ಸಾಲಿಗೆ ಮಾತು ಹೋಯಿತು. ಕೈಗಳು ನಿಂತವು. ಒಬ್ಬ ಹಿರಿಯರು ಎದ್ದೇಬಿಟ್ಟರು. ಸಾಲು ಸಾಲು ಎಲೆಗಳ ಮೇಲೆ ನಮ್ಮವರ ಪಾಯಸ ಹಾಗೇ ಹೆಪ್ಪುಗಟ್ಟಿ ಕೂತಿತು.

ಸೆಕ್ರೆಟರಿ ಒಳಗಿನಿಂದ ಅವರನ್ನು ಕರೆತಂದ. "ಭಟ್ರೇ, ಕಾಯಿ ನೋಡ್ಲಿಲ್ವಾ ನೀವು?"

"ನೋಡದೆ ಇರ್ತೇನಾ? ಒಂದೊಂದೂ ನೋಡಿದ್ದೇನೆ" ಅಂದರು ನಮ್ಮವರು. ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. ಎಲ್ಲರ ಮುಖ ನೋಡಿದರು. ಆಮೇಲೆ ಬಡಿಸುವವನ ಕೈಯಿಂದ ಸೌಟು ತೆಗೆದುಕೊಂಡು, ಅಂಗೈಗೆ ಪಾಯಸ ಹಾಕಿಕೊಂಡು ಮೂಗಿನ ಹತ್ತಿರ ಹಿಡಿದರು. ಸಾಲದೆಂದು ನೆಕ್ಕಿದರು. ಜೀವಮಾನದಲ್ಲಿ ಮೊದಲ ಸಲ ನಾಲ್ಕು ಜನರ ಎದುರಿಗೆ ಅವರು ರುಚಿ ನೋಡಿದ್ದು. ನಿಧಾನವಾಗಿ ನುಂಗಿ, "ಸಿಹಿ ಸರಿ ಉಂಟಲ್ಲ?" ಎಂದು ಕೇಳಿದರು.

ಆ ನಾತಕ್ಕೆ ಮಕ್ಕಳು ಮೂಗು ಹಿಡಿದುಕೊಂಡಿದ್ದಾರೆ, ಇವರು ಅದನ್ನು ನುಂಗಿ ಸಿಹಿಯ ಮಾತಾಡುತ್ತಿದ್ದಾರೆ. ಅಲ್ಲಿದ್ದ ಪ್ರತಿಯೊಬ್ಬರಿಗೂ ಏನೆಂದು ಒಟ್ಟಿಗೇ ಗೊತ್ತಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಹುಡುಗರು ಕಿಸಕ್ಕನೆ ನಕ್ಕರು. ಸೆಕ್ರೆಟರಿ ಅವರ ಕೈಯಿಂದ ಸೌಟನ್ನು ಮೆಲ್ಲನೆ ಬಿಡಿಸಿಕೊಂಡು, "ನೀವು ಸ್ವಲ್ಪ ಕೂತ್ಕೊಳ್ಳಿ ಅಂಕಲ್" ಅಂದ. ಎಷ್ಟೋ ವರ್ಷಗಳಿಂದ ಭಟ್ರೇ ಎನ್ನುತ್ತಿದ್ದವನು ಅಂಕಲ್ ಅಂದ. ನಾನು ಬಯಸಿದ್ದು ಇದನ್ನೇ. ಬಯಸಿದ್ದಕ್ಕಿಂತ ಚೆನ್ನಾಗಿಯೇ ಆಗಿತ್ತು. ಆದರೆ ಅವರು ಆ ಸಾಲುಗಳ ನಡುವೆ ಅಂಗೈ ಚಾಚಿಕೊಂಡೇ ನಿಂತದ್ದನ್ನು, ಅಂಟಿದ ಪಾಯಸವನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ನಿಂತದ್ದನ್ನು ನೋಡಿದಾಗ, ನಾನು ಅರ್ಧ ಉಂಡ ಎಲೆಯನ್ನು ಮಡಚಿ ಎದ್ದೆ.

ಆಟೋ ಹಿಡಿದು ಹೊರಟೆವು. ಮನೆಗೆ ಬಂದಾಗ ಮೂರು ಗಂಟೆ, ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅವರು ಪಂಚೆ ಬದಲಿಸಿ ಬಂದು ಕುರ್ಚಿಯಲ್ಲಿ ಕೂತರು. ನಾನು ನೀರು ತಂದುಕೊಟ್ಟೆ. ಕುಡಿದರು. ಲೋಟವನ್ನು ನನ್ನ ಕೈಗೇ ಹಿಂದೆ ಕೊಟ್ಟರು.

"ನನಗೆ ವಾಸನೆ ಬರುದಿಲ್ಲ," ಅಂದರು. "ಜ್ವರ ಬಂದು ಹೋದಲ್ಲಿಂದ."

"ಗೊತ್ತು" ಅಂದೆ.

"ನಿನಗೆ ಗೊತ್ತುಂಟು ಅಂತ ನನಗೂ ಗೊತ್ತಿತ್ತು. ಆ ಹಾಲು ಸೀದ ದಿವಸವೇ." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟು ಮಾಡಿ ಗೆಲ್ಲುತ್ತಿದ್ದೆ. "ಇಂಗು ಹಾಕದೆ ಇರುದು, ಹಳೆ ಮಜ್ಜಿಗೆ ಕೊಡುದು, ಎಲ್ಲ ಗೊತ್ತಾಗ್ತಿತ್ತು. ನಿನ್ನ ಮುಖದಲ್ಲೇ ಕಾಣ್ತಿತ್ತು. ಇರ್ಲಿ, ನಾನೂ ಕಮ್ಮಿ ಮಾಡಿದ್ದೇನಾ ನಿನಗೆ ಅಂತ ಸುಮ್ಮನಾದೆ."

ನಾನು ಲೋಟ ಹಿಡಿದು ನಿಂತೇ ಇದ್ದೆ.

"ಬೇರೆಯವರ ಹತ್ರ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಅದಕ್ಕೆ ನಿನ್ನನ್ನೇ ಕರೆದದ್ದು. ಎದುರಿಗೆ ಕೂರಿಸಿದ್ರೆ ನಿನ್ನ ಮುಖ ನೋಡಿ ಗೊತ್ತು ಮಾಡ್ಬಹುದು ಅಂತ. ಕೆಟ್ಟ ಕಾಯಿ ಕೈಗೆ ಬಂದ್ರೆ ನೀನು ಮುಖ ಸಿಂಡರಿಸ್ತಿ, ಅಷ್ಟು ಸಾಕಿತ್ತು ನನಗೆ." ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಬೆಳಗ್ಗಿಂದ ನೀನು ಮುಖ ಗಂಟು ಹಾಕ್ಕೊಂಡೇ ಕೂತಿದ್ದಿ. ಒಂದೇ ಒಂದು ಕಾಯಿಗೆ ನಕ್ಕಿದ್ದು. ಅದು ಭಾರಿ ಒಳ್ಳೆ ಕಾಯಿ ಇರ್ಬೇಕು ಅಂದ್ಕೊಂಡೆ."